ನನ್ನ ಪಂಪ್‌ಸೆಟ್ಟೂ ಸಾಹೇಬ್ರ ರೆಕಾರ್ಡೂ



ಈ ವಾರ ಸೋಯಾ ಹಳದಿ ಆಗೋದರ ಬಗ್ಗೆ ಬರೀತೀನಿ ಅಂದಿದ್ದೆ. ಮಳೆ ಬಿಟ್ಟಿಲ್ಲ, ಹೊಲದಾಗ ಕಾಲಿಟ್ಟರೆ ಹುಗೀತದೆ, ಫೋಟೋ ತೆಗೆಯೋಕೂ ಆಗಿಲ್ಲ. ಅದು ಮುಂದಿನ ವಾರ. ಇವತ್ತು ಬರೆಯೋದು ಹಾಡು ಕೇಳೋ ಮಷಿನ್ ಬಗ್ಗೆ. ನಗಬೇಡ್ರಿ. ಟ್ರ್ಯಾಕ್ಟರ್ ಇದ್ದವರು, ಪಂಪ್‌ಸೆಟ್ ಇದ್ದವರು ಪೂರ್ತಿ ಓದ್ರಿ.

ನಮ್ಮ ಹೊಲದ ಬದುವಿಗೆ ಹತ್ತಿ ಒಂದೂವರೆ ಎಕರೆ ಮಾವಿನ ತೋಟ ಇತ್ತಲ್ಲ, ಅದನ್ನ ಮೂರು ವರ್ಷದ ಹಿಂದೆ ಬ್ಯಾಂಕಿನಿಂದ ರಿಟೈರ್ ಆದ ಒಬ್ಬರು ತಗೊಂಡು ಮನೆ ಕಟ್ಟಿಸಿದರು. ಹೆಸರು ಬೇಡ. ಎಲ್ಲರೂ ಸಾಹೇಬ್ರು ಅಂತೀವಿ. ಹೆಂಡತಿ ತೀರಿಕೊಂಡಾರೆ, ಮಕ್ಕಳು ದೂರ. ಮನೆ ಕಟ್ಟುವಾಗ ಗೌಂಡಿಗಳು ನಕ್ಕಿದ್ದೇ ನಕ್ಕಿದ್ದು. ಒಂದು ಕೋಣೆಗೆ ಮಾತ್ರ ಡಬಲ್ ಗೋಡೆ, ಒಂದೇ ಕಿಟಕಿ, ದಪ್ಪ ಬಾಗಿಲು. ಬೀಜ ಇಡೋಕೆ ಮಾಡಿಸ್ತಾರೆ ಅಂತ ನಾನು ತಿಳಕೊಂಡಿದ್ದೆ.

ಮೊದಲನೇ ಬೇಸಿಗೆಯಲ್ಲಿ ಒಂದು ಸಂಜೆ ಗೊಂಜಾಳಕ್ಕೆ ನೀರು ಹಾಯಿಸ್ತಿದ್ದೆ. ಸಾಹೇಬ್ರು ಚಪ್ಪಲಿ ಕೈಯಾಗ ಹಿಡಕೊಂಡು ಬದುವಿನ ಮೇಲೆ ಬಂದರು.

"ಗೌಡ್ರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮೋಟಾರ್ ಚಾಲೂ ಆತಂದ್ರ ನಮ್ಮ ಮನ್ಯಾಗ ಮನ್ಸೂರ ಅವರ ಸ್ವರ ಇಳೀತದ."

(ಹೆಸರಿಗಷ್ಟೇ ಗೌಡ. ನಾಲ್ಕು ಎಕರೆ ಮಸಾರಿ.)

ನನಗೆ ತಿಳಿದದ್ದು ಮನ್ಸೂರು ಅಂದ್ರೆ ಊರು. "ಮನ್ಸೂರಿಗೆ ಲೈನ್ ಬ್ಯಾರೆ ಐತಲ್ರೀ ಸಾಹೇಬ್ರ" ಅಂದೆ. ಅವರು ನಗಲಿಲ್ಲ. ಮಲ್ಲಿಕಾರ್ಜುನ ಮನ್ಸೂರರು, ಆ ಊರಾಗ 1910ರಾಗ ಹುಟ್ಟಿದವರು, ಅವರ ರೆಕಾರ್ಡು ಅಂದರು. ಸಂಜೆ ಏಳರಿಂದ ಎಂಟು ಒಂದು ತಾಸು ಮೋಟಾರ್ ಬಂದ್ ಇಡೋಕೆ ಆಗ್ತದೇನು ಅಂತ ಕೇಳಿದರು.

ನಮಗೆ ತ್ರೀಫೇಸ್ ಸಿಗೋದು ದಿನಕ್ಕೆ ಏಳು ತಾಸು. ಅದರಾಗ ಟ್ರಿಪ್ ಆಗೋದು ಎಷ್ಟು, ಲೈನ್ ಮ್ಯಾಲಿನ ಕೆಲಸ ಅಂತ ತೆಗೆಯೋದು ಎಷ್ಟು, ನಿಮಗೆಲ್ಲ ಗೊತ್ತು. "ನನ್ನ ಗೊಂಜಾಳ ಇವತ್ತ ಒಣಗತೈತಿ, ನಿಮ್ಮ ಹಾಡು ನಾಳೆನೂ ಕೇಳಬಹುದಲ್ರಿ" ಅಂದುಬಿಟ್ಟೆ. ಅವರು "ಖರೆ ಅದ" ಅಂತ ಹೇಳಿ ಹೊಳ್ಳಿ ಹೋದರು. ಮುಂದೆ ದೊಡ್ಡ ಸ್ಟೆಬಿಲೈಜರ್ ತರಿಸಿದರಂತೆ. ಎರಡು ವರ್ಷ ನಮ್ಮಿಬ್ಬರದು ದೂರದಿಂದ ಕೈ ಎತ್ತೋ ನಮಸ್ಕಾರ ಅಷ್ಟೇ.

ಈ ವರ್ಷ ಮಾರ್ಚ್ ತಿಂಗಳಲ್ಲಿ ಅವರೇ ಮತ್ತೆ ಬಂದರು. ಈ ಸಲ ಮೋಟಾರಿನ ತಕರಾರಲ್ಲ. ಸ್ಪೀಕರಿನಿಂದ ಗುಂಯ್ ಅಂತ ಸದ್ದು, ಹಾಡು ಇರಲಿ ಬಿಡಲಿ, ನಿಲ್ಲೋದಿಲ್ಲ. ಧಾರವಾಡದಿಂದ ಇಬ್ಬರು ಬಂದು ನೋಡಿ ಹೋಗಿದ್ದರು. ಒಬ್ಬರು ಕೇಬಲ್ ಬದಲಿಸಿ ಅಂದರಂತೆ, ಇನ್ನೊಬ್ಬರು ಆಂಪ್ಲಿಫೈಯರೇ ಬದಲಿಸಿ ಅಂದರಂತೆ. ಸಾಹೇಬ್ರು ನನ್ನ ಕೇಳಿದ್ದು ಒಂದೇ ಪ್ರಶ್ನೆ. "ಗೌಡ್ರ, ನಿಮ್ಮ ಸ್ಟಾರ್ಟರಿಗೆ ಅರ್ಥಿಂಗ್ ಹ್ಯಾಂಗ ಮಾಡೀರಿ?"

ಹೋಗಿ ನೋಡಿದೆ. ಮನೆ ಕಟ್ಟಿದ ಕಂತ್ರಾಟುದಾರ ಒಂದು ಸಣ್ಣ ರಾಡು ತಂದು ಮೊರಮಿನಾಗ ಮೂರು ಅಡಿ ಬಡಿದು ಕೈ ತೊಳಕೊಂಡಿದ್ದ. ಮಳೆಗಾಲದಾಗ ನಡೀತದೆ. ನಮ್ಮ ಮಸಾರಿ ಫೆಬ್ರುವರಿಗೆ ಒಣಗಿ ಕಲ್ಲಾಗ್ತದೆ, ಒಣ ಮಣ್ಣಿನಾಗ ಕರೆಂಟ್ ಇಳಿಯೋಕೆ ಹಾದಿ ಇರೋದಿಲ್ಲ. ಮೀಟರ್ ಹಚ್ಚಿದರೆ ನ್ಯೂಟ್ರಲ್‌ಗೂ ಅರ್ಥಿಂಗಿಗೂ ನಡುವೆ 28 ವೋಲ್ಟ್. ಹಾಡು ಹಾಳಾಗ್ಲಿ, ಗೀಸರ್ ಮುಟ್ಟಿದರೆ ಮನುಷ್ಯ ಉಳಿಯೋ ಖಾತ್ರಿ ಇರಲಿಲ್ಲ.

ಮನೆ ಹಿಂದೆ ಬಚ್ಚಲ ನೀರು ಹೋಗೋ ಜಾಗದಾಗ ಎಂಟು ಅಡಿ ಗುಂಡಿ ತೆಗೆದ್ವಿ. ಜಿಐ ಪೈಪ್ ಇಳಿಸಿ ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು, ಮೇಲೆ ಎರಿ ಮಣ್ಣು. ಬಾಯಿಗೆ ಸಿಮೆಂಟಿನ ಪೆಟ್ಟಿಗೆ, ವಾರಕ್ಕೊಮ್ಮೆ ನೀರು ಹಾಕೋಕೆ. ವೈರ್‌ಮನ್ ಬಂದು ಜೋಡಿಸಿ ಕೊಟ್ಟ. ಮೀಟರ್ ಎರಡು ವೋಲ್ಟಿಗೆ ಇಳೀತು. ಸಾಹೇಬ್ರು ಒಳಗೆ ಓಡಿ ಹೋಗಿ ಸ್ವಿಚ್ ಹಾಕಿದರು, ಆಮೇಲೆ ಬಾಗಿಲಾಗ ನಿಂತು ನನ್ನ ಕರೆದರು. "ಬರ್ರಿ ಇಲ್ಲೆ, ಕೇಳ್ರಿ."

ನಾನು ಒಳಗೆ ಹೋದೆ. "ಏನೂ ಕೇಳವಲ್ದು" ಅಂದೆ.

"ಅದನ್ನ ಕೇಳ್ರಿ ಅಂದದ್ದು" ಅಂದರು.

ಬಟನ್ ತಿರುವಿ ಪೂರ್ತಿ ಏರಿಸಿದರೂ ಸ್ಪೀಕರ್ ಸುಮ್ಮನೆ. ಒಂದು ಗುಬ್ಬಿ ಹೊರಗೆ ಕೂಗಿದ್ದು ಕೇಳಿಸ್ತು. ಇಷ್ಟು ದುಡ್ಡು ಹಾಕಿದ್ದು ಈ ಸುಮ್ಮನಿರೋದಕ್ಕಂತ. ಎಷ್ಟು ದುಡ್ಡು ಅಂತ ಅವರು ಹೇಳಲಿಲ್ಲ. ಆದರೆ ಮುಳ್ಳು ಇರೋ ಸಣ್ಣ ಡಬ್ಬಿ, ಕಾರ್ಟ್ರಿಜ್ ಅಂತಾರೆ, ಅದೊಂದಕ್ಕೇ ಒಂದು ಎತ್ತಿನ ಬೆಲೆ ಅಂತ ಬಾಯಿತಪ್ಪಿ ಹೇಳಿದರು. ನಾನು ಮನೆಯಾಗ ಹೇಳಲಿಲ್ಲ. ಹೇಳಿದ್ದರೆ ನಮ್ಮಾಕೆ ಗುಂಡಿ ತೆಗೆದ ಕೂಲಿ ಕೇಳಿಸ್ತಿದ್ದಳು.

ಅವತ್ತಿನಿಂದ ವಾರಕ್ಕೊಂದು ದಿನ ಹೋಗಿ ಕೂರೋದು ರೂಢಿ ಆತು. ನನಗೆ ಹಾಡಿಗಿಂತ ಮಷಿನ್ ಹುಚ್ಚು. ಅವರು ಭೂತಗನ್ನಡಿ ಕೊಟ್ಟು ರೆಕಾರ್ಡ್ ನೋಡ್ರಿ ಅಂದರು. ನೀವು ನೋಡಬೇಕಿತ್ತು, ಉಳುಮೆ ಮಾಡಿದ ಹೊಲ ಇದ್ದಂಗೇ ಐತಿ. ಗೆರೆ ಗೆರೆ ಬಳೆಯಂಗೆ ಬೇರೆ ಬೇರೆ ಇರ್ತಾವೆ ಅಂದುಕೊಂಡಿದ್ದೆ. ಅಲ್ಲ. ಅಂಚಿನಿಂದ ನಡುವಿನತನಕ ಒಂದೇ ಸಾಲು, ಎಲ್ಲಿಯೂ ಕಡಿದಿಲ್ಲ. ದೊಡ್ಡ ರೆಕಾರ್ಡು ನಿಮಿಷಕ್ಕೆ 33⅓ ಸುತ್ತು ತಿರುಗ್ತದೆ, ಒಂದು ಬದಿ 20 ನಿಮಿಷ ಹಾಡಿದರೆ ಹತ್ತಿರ ಹತ್ತಿರ 667 ಸುತ್ತು. ಸರಾಸರಿ ಒಂದು ಸುತ್ತಿಗೆ ಎರಡು ಅಡಿ ಹಿಡಿದರೆ 1,300 ಅಡಿ ಮೇಲೆ ಬಂತು. ಅಂದರೆ 400 ಮೀಟರ್ ಸಾಲು ಒಂದು ತಾಟಿನೊಳಗೆ. ನಮ್ಮ ಹೊಲದ ಉದ್ದನ್ನ ಸಾಲೂ ಅಷ್ಟಿಲ್ಲ.

ಆ ಸಾಲಿನ ಗೋಡೆ ಅಂಕುಡೊಂಕು ಇರ್ತದೆ, ಅದೇ ಹಾಡು. ವಜ್ರದ ಮುಳ್ಳು ಅದರಾಗ ಓಡ್ತಾ ಅಲುಗಾಡ್ತದೆ. ಮುಳ್ಳಿನ ಭಾರ ಎರಡು ಗ್ರಾಮಿಗಿಂತ ಕಡಿಮೆ ಇಡ್ತಾರೆ. ಅಲುಗಾಡಿದ್ದಕ್ಕೆ ಹುಟ್ಟೋ ಕರೆಂಟು ಒಂದು ವೋಲ್ಟಿನ ಸಾವಿರ ಭಾಗ ಮಾಡಿದರೆ ಅದರಾಗ ನಾಲ್ಕೈದು ಭಾಗ. ಅದನ್ನ ಸಾವಿರಾರು ಪಟ್ಟು ದೊಡ್ಡದು ಮಾಡಿ ಸ್ಪೀಕರಿಗೆ ಕೊಡಬೇಕು. ಇಂಥಾ ಕಡೆ ಅರ್ಥಿಂಗ್ ಕೆಟ್ಟರೆ ಆ ಕೊಳಕೂ ಅಷ್ಟೇ ಪಟ್ಟು ದೊಡ್ಡದಾಗ್ತದೆ. ಗುಂಯ್ ಅಂದದ್ದು ಅದು, ನಮ್ಮ ಲೈನಿನ 50 ಹರ್ಟ್ಸ್.

ಇನ್ನೊಂದು ಮಾತು ನನಗೆ ಭಾಳ ಸೇರಿತು. ದಪ್ಪ ಸ್ವರ, ಅಂದರೆ ತಬಲಾದ ಎಡಗೈ ಬದಿಯಂಥದ್ದು, ಇದ್ದಂಗೇ ಕೊರೆದರೆ ಸಾಲು ಅಗಲ ಆಗಿ ಪಕ್ಕದ ಸಾಲಿಗೆ ಹೊಕ್ಕುಬಿಡ್ತದೆ. ಅದಕ್ಕೆ ರೆಕಾರ್ಡ್ ಮಾಡುವಾಗ ದಪ್ಪ ಸ್ವರ ತಗ್ಗಿಸಿ, ಸಣ್ಣ ಸ್ವರ ಏರಿಸಿ ಕೊರೀತಾರೆ. ಮನೆಯಾಗ ಆಂಪ್ಲಿಫೈಯರ್ ಅದನ್ನ ಉಲ್ಟಾ ಮಾಡಿ ಮೊದಲಿನಂಗೆ ತರ್ತದೆ. ಒತ್ತು ಸಾಲಿನ ತ್ರಾಸ ನಮಗಷ್ಟೇ ಅಲ್ಲ.

ಸ್ವರ ಇಳಿಯೋದು ಯಾಕಂತ ಆಗ ತಿಳೀತು. ಅವರದು ಹಳೇ ಇಂಗ್ಲೆಂಡಿನ ಟರ್ನ್‌ಟೇಬಲ್, ಒಳಗೆ ಸಣ್ಣ ಇಂಡಕ್ಷನ್ ಮೋಟಾರ್, ರಬ್ಬರ್ ಗಾಲಿಯಿಂದ ತಾಟು ತಿರುಗಿಸ್ತದೆ. ನಮ್ಮ ಬೋರಿನ ಮೋಟಾರೂ ಇಂಡಕ್ಷನ್ನೇ. ಲೋ ವೋಲ್ಟೇಜಿಗೆ ಅದು ಹೆಂಗೆ ಸೊರಗ್ತದೆ ನೋಡಿದ್ದೀವಿ. ಎರಡೂ ಒಂದೇ ಟಿಸಿ ಮೇಲೆ. ನನ್ನ ಏಳೂವರೆ ಎಚ್‌ಪಿ ಏಳುವಾಗ ವೋಲ್ಟೇಜ್ ಕುಸೀತದೆ, ಅವರ ತಾಟು ಕೂದಲೆಳೆಯಷ್ಟು ನಿಧಾನ ಆಗ್ತದೆ, ಹಾಡೋರ ಷಡ್ಜ ಜಾರ್ತದೆ. ಮನುಷ್ಯ ಸುಳ್ಳು ಹೇಳಿರಲಿಲ್ಲ.

ಒಂದು ದಿನ ದಪ್ಪ, ಭಾರದ, ಕರೀ ರೆಕಾರ್ಡು ತೆಗೆದರು. 78 ಸುತ್ತಿನದು, ಒಂದು ಬದಿಗೆ ಮೂರು ಮಿನಿಟ್ ಚಿಲ್ಲರೆ ಅಷ್ಟೇ. "ಇದು ಯಾತರದು ಹೇಳ್ರಿ" ಅಂದರು. ಪ್ಲಾಸ್ಟಿಕ್ ಅಂದೆ. ಅರಗು ಅಂತ! ಮುತ್ತಲ ಗಿಡಕ್ಕೆ, ಬಾರಿ ಗಿಡಕ್ಕೆ ಹುಳ ಕೂತು ಅಂಟು ಕಟ್ಟತದಲ್ಲ, ಅದೇ ಅರಗು. ಅದನ್ನ ಕಲ್ಲಿನ ಹಿಟ್ಟಿನ ಜೊತೆ ಕಲಸಿ ಒತ್ತಿ ಮಾಡ್ತಿದ್ದರು. ಜಗತ್ತಿಗೆಲ್ಲ ಅರಗು ಹೆಚ್ಚಾಗಿ ಹೋಗ್ತಿದ್ದದ್ದೇ ನಮ್ಮ ದೇಶದಿಂದ. ನಮ್ಮ ದೇಶದ ಹಾಡನ್ನ ಮೊದಲು ದೊಡ್ಡ ಪ್ರಮಾಣದಾಗ ಹಿಡಿದದ್ದು 1902ರಲ್ಲಿ, ಕಲ್ಕತ್ತಾದಾಗ, ಗೌಹರ್ ಜಾನ್ ಅನ್ನೋ ಗಾಯಕಿದು. ಹಾಡಿನ ಕೊನೆಗೆ ಆಕೆ ಇಂಗ್ಲಿಷಿನಾಗ ತನ್ನ ಹೆಸರು ತಾನೇ ಹೇಳ್ತಿದ್ದಳಂತೆ, ಯಾಕಂದರೆ ರೆಕಾರ್ಡು ಒತ್ತಿ ಚೀಟಿ ಅಂಟಿಸೋರು ಜರ್ಮನಿಯಾಗ, ಅವರಿಗೆ ಯಾರ ಹಾಡು ಅಂತ ತಿಳೀಬೇಕಲ್ಲ. ಕಲ್ಕತ್ತಾದಾಗೇ ಒತ್ತೋ ಕಾರ್ಖಾನೆ ಆದದ್ದು 1908ಕ್ಕೆ.

ಆ ಕರೀ ತಾಟು ಗಂಗೂಬಾಯಿ ಹಾನಗಲ್ಲರದು. 1930ರ ದಶಕದಾಗ ಎಚ್‌ಎಂವಿಯವರು ಅವರ ಹೆಸರು ಗಾಂಧಾರಿ ಅಂತ ಹಾಕಿ ರೆಕಾರ್ಡು ಬಿಟ್ಟಿದ್ದರು. ಸಣ್ಣ ಹುಡುಗಿ ಧ್ವನಿ, ಎಳೆ ಸವತಿಕಾಯಿ ಮುರಿದಂಗೆ. ಆಮೇಲೆ ನಾವೆಲ್ಲ ರೇಡಿಯೋದಾಗ ಕೇಳಿದ ಗಂಗೂಬಾಯಿ ಧ್ವನಿ ಗಂಡಸರದಕ್ಕಿಂತ ದಪ್ಪ. ಗಂಟಲಿನ ಚಿಕಿತ್ಸೆ ಆದ ಮೇಲೆ ಬದಲಾತು ಅಂತಾರೆ. ಎರಡೂ ಒಂದರ ಹಿಂದೊಂದು ಹಚ್ಚಿದರು. ಒಬ್ಬರದೇ ಎರಡು ಗಂಟಲು. ಯಾವುದು ಛಲೋ ಅಂತ ಕೇಳಿದರು, ನಾನು ಎರಡನೇದು ಅಂದೆ. ಅವರೂ ಅದೇ ಅಂದರು.

ಬರೀ ಮೂರು ಮಿನಿಟಿನ ತಾಟಿಗೆ ಏನು ಹುಚ್ಚು ಅಂತ ನಾನು ಕೇಳಿಯೂ ಬಿಟ್ಟೆ. ಅದಕ್ಕೆ ಅವರು ಹೇಳಿದ್ದು ಭೀಮಸೇನ ಜೋಶಿಯವರದು. ಗದಗಿನ ಹುಡುಗ, ಅಂಗಡಿಯೊಂದರಾಗ ಅಬ್ದುಲ್ ಕರೀಂ ಖಾನರ ಠುಮರಿ ರೆಕಾರ್ಡ್ ಕೇಳಿ, ಹಿಂಗ ಹಾಡಬೇಕು ಅಂತ ತಲೆ ಕೆಟ್ಟು, 11ನೇ ವಯಸ್ಸಿಗೆ ಮನೆ ಬಿಟ್ಟು ಓಡಿ ಹೋದ, ಗುರು ಹುಡುಕಿಕೊಂಡು. ಅವತ್ತು ಆ ಅಂಗಡಿಯಾಗ ಇದ್ದದ್ದೂ ಅರಗಿನ ತಾಟೇ ಅಲ್ಲವೇ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ.

ಏಪ್ರಿಲ್‌ನಾಗ ಒಂದು ಸಂಜೆ ಮನ್ಸೂರರ ಹಳೇ ರೆಕಾರ್ಡು ಹಚ್ಚಿದರು. ಸ್ಪೀಕರ್ ಎರಡು, ಇಂಗ್ಲೆಂಡಿನ ಟ್ಯಾನಾಯ್ ಅನ್ನೋದು, ದೊಡ್ಡ ಪರದೆಯ ನಟ್ಟನಡುವೆ ಸಣ್ಣ ಸ್ವರದ ತುತ್ತೂರಿ ಕೂಡಿಸಿರ್ತಾರೆ. ಎರಡರಿಂದಲೂ ಸಮ ದೂರಕ್ಕೆ ಒಂದು ಕುರ್ಚಿ. ಯಾವಾಗಲೂ ಅಲ್ಲಿ ಅವರೇ ಕೂರೋರು, ನಾನು ಬದಿಗೆ ಚಾಪೆ ಮೇಲೆ. ಅವತ್ತು ನನ್ನ ಕುರ್ಚಿ ಮೇಲೆ ಕೂಡಿಸಿದರು. ಕಣ್ಣು ಮುಚ್ಚಿ ಕೇಳ್ರಿ, ಮನ್ಸೂರರು ಎಲ್ಲಿ ಕೂತು ಹಾಡ್ಲಿಕತ್ತಾರ, ಬಟ್ಟು ಮಾಡಿ ತೋರಸ್ರಿ ಅಂದರು.

ನಾನು ಬಲಗಡೆ ಸ್ಪೀಕರ್ ಕಡೆ ಬಟ್ಟು ಮಾಡಿದೆ.

ಅವರು ಏನೂ ಅನ್ನಲಿಲ್ಲ. ಎದ್ದು ಹೋಗಿ ಹಿಂದಿನ ವೈರ್ ಅದಲು ಬದಲು ಮಾಡಿ ಬಂದರು. ಮತ್ತೆ ಕೇಳಿದರು. ಮತ್ತೆ ಬಲಕ್ಕೇ. "ಇದು ಮೊನೊ ರೆಕಾರ್ಡ್ ಗೌಡ್ರ" ಅಂದರು. "ಎರಡೂ ಸ್ಪೀಕರಿಗೆ ಒಂದೇ ಧ್ವನಿ ಹೋಗ್ತದ. ನಟ್ಟನಡು ಕೇಳಸಬೇಕು." ಆಮೇಲೆ ಕುರ್ಚಿ ತಿರುಗಿಸಿ ಸ್ಪೀಕರಿಗೆ ಬೆನ್ನು ಮಾಡಿ ಕೂಡಿಸಿದರು. ಆಗಲೂ ಮನ್ಸೂರರು ನನ್ನ ಬಲಕ್ಕೇ ಬಂದು ಕೂತರು. ಅಂದರೆ ಕೋಣೆಯ ತಪ್ಪಲ್ಲ, ಸ್ಪೀಕರಿನದೂ ಅಲ್ಲ.

"ತಂಬೂರಿ ಕೇಳಸ್ತದೇನು, ಹಿಂದ, ಜೇನುಹುಳದಂಗ?" ಬಲಗಿವಿ ಮುಚ್ಚಿಕೊಂಡು ಕೇಳಿದೆ. ಮನ್ಸೂರರು ಕೇಳ್ತಾರೆ, ಕಂಬಳಿ ಹೊದ್ದು ಹಾಡಿದಂಗೆ. ತಂಬೂರಿ ಇಲ್ಲವೇ ಇಲ್ಲ. ಎಡಗಿವಿ ಮುಚ್ಚಿಕೊಂಡರೆ ಐತಿ.

ಮನೆಗೆ ಬರುವಾಗ ಬದುವಿನ ಮೇಲೆ ನಿಂತು ಒಂದೊಂದೇ ಕಿವಿ ಮುಚ್ಚಿ ನೋಡಿದೆ. ಜೀರುಂಡೆ ಬಲಗಿವಿಗೆ ಅದಾವೆ. ಎಡಗಿವಿಗೆ ಬೇಸಿಗೆ ರಾತ್ರಿ ಪೂರಾ ಖಾಲಿ. ಯಾವಾಗ ಹೋದವೋ ನನಗೆ ಗೊತ್ತೇ ಇಲ್ಲ.

ಹುಬ್ಬಳ್ಳಿಗೆ ಹೋಗಿ ಕಿವಿ ಡಾಕ್ಟರಿಗೆ ತೋರಿಸಿದೆ. ಸಣ್ಣ ಕೋಣೆಯಾಗ ಕೂಡಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಪೀಂ ಅಂದಾಗ ಬಟನ್ ಒತ್ತು ಅಂತಾರೆ. ಚೀಟಿ ಮೇಲೆ ಗೆರೆ ಬರ್ತದೆ. ಬಲಗಿವಿ ಗೆರೆ ವಯಸ್ಸಿಗೆ ತಕ್ಕಂಗೆ ನಿಧಾನ ಇಳಿದೈತಿ. ಎಡಗಿವಿದು 4,000 ಹರ್ಟ್ಸ್ ಹತ್ತಿರ ಬಾವಿಗೆ ಬಿದ್ದಂಗೆ ಬಿದ್ದೈತಿ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಟ್ರ್ಯಾಕ್ಟರ್ ಎಷ್ಟು ವರ್ಷದಿಂದ ಹೊಡೀತೀರಿ?"

ಗದ್ದಲದಿಂದ ಕಿವಿ ಕೆಟ್ಟರೆ ಮೊದಲು ಅಲ್ಲೇ, ಆ 4,000ದ ಹತ್ತಿರ ಕುಳಿ ಬೀಳ್ತದಂತೆ. ಎಡಗಿವಿ ಯಾಕೆ ಅಂದ್ರೆ, ನಾವು ನೇಗಿಲು ನೋಡೋಕೆ ಬಲಕ್ಕೆ ಹೊರಳಿ ಹಿಂದೆ ನೋಡ್ತಾ ಹೊಡೀತೀವಿ. ಆಗ ಎಡಗಿವಿ ನೆಟ್ಟಗೆ ಇಂಜಿನ್ನಿಗೆ, ಸೈಲೆನ್ಸರಿಗೆ ಎದುರಾಗ್ತದೆ. ನಾಳೆ ಹೊಡೆಯುವಾಗ ನೀವೇ ನೋಡಿಕೊಳ್ರಿ. ನಾನು 30 ವರ್ಷ ಹಂಗೇ ಕೂತೀನಿ, ಬಾಡಿಗೆ ಹೊಡೆದದ್ದೂ ಸೇರಿ. ಕ್ಯಾಬಿನ್ ಇಲ್ಲದ ಹಳೇ ಟ್ರ್ಯಾಕ್ಟರಿನ ಸದ್ದು 90 ಡೆಸಿಬಲ್ ಮೇಲೆ ಇರ್ತದೆ. 85 ಆದರೆ ಎಂಟು ತಾಸು ತಡೀಬಹುದು, ಮುಂದೆ ಪ್ರತಿ ಮೂರು ಡೆಸಿಬಲ್ಲಿಗೆ ತಾಸು ಅರ್ಧ ಆಗ್ತಾ ಹೋಗ್ತದೆ. 88ಕ್ಕೆ ನಾಲ್ಕು ತಾಸು, 91ಕ್ಕೆ ಎರಡೇ ತಾಸು. ಕಿವಿ ಒಳಗಿನ ಸಣ್ಣ ಕೂದಲಿನಂಥ ಜೀವಕೋಶ ಸತ್ತರೆ ಮತ್ತೆ ಹುಟ್ಟೋದಿಲ್ಲ. ನಮ್ಮ ಬೆಳೆ ಹಂಗಲ್ಲ, ಕೊಯ್ದ ಮೇಲೂ ಬೇರಿನಿಂದ ಚಿಗುರೋವು ಎಷ್ಟೋ ಅದಾವೆ.

ಬಸ್ಸಿನಾಗ ಬರುವಾಗ ಹಿಂದಿನದೆಲ್ಲ ಒಂದೊಂದೇ ನೆನಪಾತು. ಹೋದ ವರ್ಷ ಬೋರಿನ ದಂಡೆ ಮೇಲಿನ ಮೋಟಾರ್ ಸುಟ್ಟಿತ್ತು, ಒಂಬತ್ತು ಸಾವಿರ ಕೊಟ್ಟು ವೈಂಡಿಂಗ್ ಮಾಡಿಸಿದೆ. ಬೇರಿಂಗ್ ಹೋಗಿತ್ತು. ತಮ್ಮ ಬಂದು "ಮೂರು ದಿನದಿಂದ ಕೀಂ ಅಂತ ಒದರಾಕತ್ತಿತ್ತಲ್ಲೋ ಅಣ್ಣಾ, ನಿನಗ ಕೇಳಲಿಲ್ಲೇನು?" ಅಂದಿದ್ದ. ಅವನ ಮೇಲೆ ಸಿಟ್ಟಾಗಿದ್ದೆ, ನೀನು ಮೊದಲೇ ಯಾಕೆ ಹೇಳಲಿಲ್ಲ ಅಂತ.

ನಮ್ಮಾಕೆ ಊಟಕ್ಕೆ ನನ್ನ ಎಡಕ್ಕೆ ಕೂರೋಳು, ಮದುವಿ ಆದಾಗಿನಿಂದ. "ನಾ ಮಾತಾಡಿದ್ದು ನಿಮಗ ಬ್ಯಾಡಾಗೈತಿ" ಅಂತ ಎಷ್ಟು ಸಲ ತಾಟು ಬಿಟ್ಟು ಎದ್ದಾಳೋ. ನಾನು ಆಕೆ ಗುಣನೇ ಅಷ್ಟು ಅಂತ ಸುಮ್ಮನಿದ್ದೆ. ಸ, ಶ, ತ ಇಂಥ ಅಕ್ಷರದ ಸದ್ದು ಮೇಲಿನ ಸ್ವರದಾಗ ಇರ್ತದಂತೆ, ಅವು ಹೋದರೆ ಮಾತು ಕೇಳಿಸಿದಂಗೂ ಆಗ್ತದೆ, ಅರ್ಥ ಆಗೋದೂ ಇಲ್ಲ. ಚೀಟಿ ತೋರಿಸಿ ಎಲ್ಲ ಹೇಳಿದೆ. ಆಕೆ ಚೀಟಿ ತಿರುಗಿಸಿ ಮುರುಗಿಸಿ ನೋಡಿ "ಇಷ್ಟ ವರ್ಷ ಬೈದದ್ದೆಲ್ಲಾ ದಂಡ ಆತು" ಅಂದಳು. ನಕ್ಕಳು ಅಂತ ನಾನು ಅಂದುಕೊಂಡೆ. ರಾತ್ರಿ ಅಳ್ತಾ ಇದ್ದಳು.

ಕಿವಿ ಮಷಿನ್ ಬೇಕಾದರೆ ಹಾಕಿಸಬಹುದು, ಇನ್ನೊಂದು ವರ್ಷ ನೋಡೋಣ ಅಂದಾರೆ ಡಾಕ್ಟರ್. ಸುಗ್ಗಿ ಆದ ಮೇಲೆ ಯೋಚನೆ ಮಾಡ್ತೀನಿ.

ಈಗ ಟ್ರ್ಯಾಕ್ಟರ್ ಮಗನ ಕೈಯಾಗ. ಅವನು ಮಡ್‌ಗಾರ್ಡ್ ಮೇಲೆ ಬಾಕ್ಸ್ ಕಟ್ಟಿ ಹಾಡು ಹಚ್ಚಿಕೊಂಡು ಹೊಡೀತಾನೆ. ಇಂಜಿನ್ ಸದ್ದು ಮೀರಿ ಹಾಡು ಕೇಳಬೇಕಂದರೆ ಎಷ್ಟು ಏರಿಸಬೇಕು ಲೆಕ್ಕ ಹಾಕ್ರಿ. ಕಿವಿಗೆ ಹಾಕೋ ಮಫ್ ತಂದು ಕೊಟ್ಟೆ, ಕಾರ್ಖಾನೆಯವರು ಹಾಕ್ತಾರಲ್ಲ ಅದು. ಮೊದಲನೇ ದಿನ ಗೆಳೆಯರು ನಕ್ಕರು ಅಂತ ತೆಗೆದು ಟೂಲ್ ಬಾಕ್ಸಿನಾಗ ಒಗೆದ. ಜಗಳ ಆತು. ಹತ್ತಿ ತುರುಕಿಕೊಳ್ತೀನಿ ಅಂದ. ಹತ್ತಿಯಿಂದ ಏನೂ ತಡೆಯೋದಿಲ್ಲ, ಡಾಕ್ಟರ್ ಕೇಳಿಯೇ ಬಂದಿದ್ದೆ. ಕೊನೆಗೆ ಅವನನ್ನ ಸಾಹೇಬ್ರ ಕೋಣೆಗೆ ಕರಕೊಂಡು ಹೋಗಿ ಅದೇ ಕುರ್ಚಿ ಮೇಲೆ ಕೂಡಿಸಿದೆ. ಕಣ್ಣು ಮುಚ್ಚಿ ಬಟ್ಟು ಮಾಡು ಅಂದರು. ನಾನು ಉಸಿರು ಹಿಡಿದು ನಿಂತಿದ್ದೆ. ನಟ್ಟನಡು ತೋರಿಸಿದ. ತಂಬೂರಿ ಕೇಳಸ್ತದೇನು ಅಂದರೆ "ಜೇನುಹುಳದಂಗ ಐತ್ರಿ" ಅಂದ, ನಾವ್ಯಾರೂ ಹೇಳಿಕೊಟ್ಟಿರಲಿಲ್ಲ. ಈಗ ಅರ್ಧ ದಿನ ಮಫ್ ಹಾಕ್ತಾನೆ, ಅರ್ಧ ದಿನ ಇಲ್ಲ. ನಡದೈತಿ.

ಸಾಹೇಬ್ರ ಆಂಪ್ಲಿಫೈಯರ್ ವಾಲ್ವಿಂದು, ನಮ್ಮಪ್ಪನ ಹಳೇ ರೇಡಿಯೋದಾಗ ಕೆಂಪಗೆ ಉರೀತಿದ್ದವಲ್ಲ ಅಂಥವು. ಅದಕ್ಕೆ ಎಡ ಬಲ ಹೆಚ್ಚು ಕಡಿಮೆ ಮಾಡೋ ಬಟನ್ನೇ ಇಲ್ಲ, ದುಬಾರಿದರಾಗ ಎಷ್ಟೋ ಸಲ ಅದನ್ನ ಇಡೋದಿಲ್ಲಂತೆ. ಅದಕ್ಕೆ ಅವರು ಬೇರೆ ಉಪಾಯ ಮಾಡ್ಯಾರೆ. ನನ್ನ ಕುರ್ಚಿ ಮೇಲೆ ಕೂಡಿಸಿ, ಎಡಗಡೆ ಸ್ಪೀಕರ್ ಕಡೆ ಚೂರು ಚೂರು ಜರುಗಿಸುತ್ತಾ ಹೋದರು. ಎರಡೂವರೆ ಅಡಿ ಜರುಗಿದ ಮೇಲೆ ಮನ್ಸೂರರು ಹತ್ತಿರ ಹತ್ತಿರ ನಡುವೆ ಬಂದರು. ತಂಬೂರಿ ಬರಲಿಲ್ಲ, ಅದು ಬರೋದೂ ಇಲ್ಲ. ಅಲ್ಲಿ ನೆಲದ ಮೇಲೆ ಸುಣ್ಣದ ಕಡ್ಡಿಲೆ ನಾಲ್ಕು ಕಾಲಿಗೂ ಗುರುತು ಹಾಕ್ಯಾರೆ. ಅವರ ಗುರುತು ಬೇರೆ, ನನ್ನ ಗುರುತು ಬೇರೆ. ಗುರುವಾರ ಸಂಜೆ ಹೋದರೆ ಕುರ್ಚಿ ಮೊದಲೇ ನನ್ನ ಗುರುತಿನ ಮೇಲೆ ಇರ್ತದೆ.

ಗುರುವಾರ ಏಳರಿಂದ ಎಂಟು ನಮ್ಮ ಮೋಟಾರ್ ಬಂದ್. ಸ್ಟೆಬಿಲೈಜರ್ ಐತಿ, ಬೇಕಾಗಿಲ್ಲ ಅಂತಾರೆ ಸಾಹೇಬ್ರು. ಇರಲಿ ಬಿಡ್ರಿ ಅಂತ ನಾನೇ ಬಂದ್ ಮಾಡ್ತೀನಿ.

ಅರ್ಥಿಂಗ್ ಗುಂಡಿ ಫೋಟೋ ಕೆಳಗೆ ಹಾಕೀನಿ. ಫೆಬ್ರುವರಿ ಬರೋದ್ರೊಳಗೆ ನಿಮ್ಮ ಸ್ಟಾರ್ಟರ್ ಪೆಟ್ಟಿಗೆದೂ ಒಮ್ಮೆ ಮೀಟರ್ ಹಚ್ಚಿ ನೋಡಿಸ್ರಿ. ಸೋಯಾ ಮುಂದಿನ ವಾರ, ಮಳೆ ಬಿಟ್ಟರೆ.